ಬಾಗಿಲು, ಬೀಗದ ಕೈ, ಲೆಕ್ಕ: ದೇವರ ಹೆಸರಿನಲ್ಲಿ ಕಟ್ಟಿದ ಸಮಾಜಗಳು

ಚೆನ್ನೈನ ಪಶ್ಚಿಮ ಅಂಚಿನ ಪೋರೂರು ಇವತ್ತು ಆಸ್ಪತ್ರೆ, ಐಟಿ ಕಚೇರಿ, ಮೇಲ್ಸೇತುವೆಗಳ ಊರು. ಆದರೆ ಅಲ್ಲಿಂದ ಕವಲೊಡೆಯುವ ಹಳೆಯ ದಾರಿಗಳು ಹೋಗಿ ಮುಟ್ಟುವ ಊರುಗಳು ದಕ್ಷಿಣ ಭಾರತದ ಧಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಹೆಸರುಗಳು. ಒಂದು ದಾರಿ ಕುಂದ್ರತ್ತೂರಿಗೆ ಹೋಗುತ್ತದೆ. ಅರವತ್ತಮೂವರು ಶಿವಭಕ್ತರ ಚರಿತ್ರೆಯಾದ ‘ಪೆರಿಯ ಪುರಾಣ’ವನ್ನು ಬರೆದ ಸೇಕ್ಕಿಳಾರ್ ಹುಟ್ಟಿದ್ದು ಅಲ್ಲಿ. ಇನ್ನೊಂದು ದಾರಿಯಲ್ಲಿ ಪೂಂದಮಲ್ಲಿ ಸಿಗುತ್ತದೆ. ಬ್ರಾಹ್ಮಣರಲ್ಲದಿದ್ದರೂ ರಾಮಾನುಜರು ಗುರುವೆಂದು ಕಂಡ ತಿರುಕ್ಕಚ್ಚಿ ನಂಬಿಗಳ ಊರು ಅದು. ಅದರಾಚೆಯ ತಿರುಮಳಿಶೈಯಲ್ಲಿ ಹುಟ್ಟಿದ ಆಳ್ವಾರರನ್ನು ಬೆತ್ತ ಕಡಿದು ಬದುಕುವ ದಂಪತಿ ಸಾಕಿದರೆಂಬ ಕಥೆಯಿದೆ. ಅದೇ ದಿಕ್ಕಿನಲ್ಲಿ ಮುಂದುವರಿದರೆ, ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ರಾಮಾನುಜರ ಜನ್ಮಸ್ಥಳ ಶ್ರೀಪೆರುಂಬುದೂರು. ಈ ನಾಲ್ಕೂ ಊರುಗಳು ಪೋರೂರಿನಿಂದ ಮೂವತ್ತು ಕಿಲೋಮೀಟರಿನೊಳಗಿವೆ. ನಾಲ್ಕೂ ಕಡೆ ಉಳಿದು ಬಂದಿರುವ ಕಥೆಗಳು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ. ದೇವರ ಮುಂದೆ ಎಲ್ಲರೂ ಒಂದೇ ಎಂದಮೇಲೆ ದೇವಸ್ಥಾನದ ಮುಂದೆ ಯಾಕೆ ಅಲ್ಲ?

ಈ ಪ್ರಶ್ನೆ ಒಂದು ನಾಡಿನದಲ್ಲ. ಹೊಸ ಸಮಾಜವನ್ನು ಮನಸ್ಸಿನಲ್ಲಿ ಕಟ್ಟಿಕೊಂಡವರೆಲ್ಲ ಇದಕ್ಕೆ ಮುಖಾಮುಖಿಯಾಗಿದ್ದಾರೆ. ಪ್ಲೇಟೋ ತನ್ನ ಆದರ್ಶ ರಾಜ್ಯದಲ್ಲಿ ಮೂರು ವರ್ಗಗಳನ್ನು ಮಾಡಿ, ದೇವರೇ ಕೆಲವರಲ್ಲಿ ಬಂಗಾರ, ಕೆಲವರಲ್ಲಿ ಬೆಳ್ಳಿ, ಉಳಿದವರಲ್ಲಿ ಕಬ್ಬಿಣ ಮತ್ತು ಕಂಚು ಬೆರೆಸಿದ್ದಾನೆಂಬ ಕಥೆಯನ್ನು ಪ್ರಜೆಗಳಿಗೆ ಹೇಳಬೇಕೆಂದ. 1936ರಲ್ಲಿ ‘ಜಾತಿ ವಿನಾಶ’ವನ್ನು ಬರೆದ ಅಂಬೇಡ್ಕರ್ ಈ ವಿಂಗಡಣೆಯನ್ನು ಚಾತುರ್ವರ್ಣ್ಯದ ಪಕ್ಕದಲ್ಲಿಟ್ಟು ನೋಡಿದರು. ಅಸಂಖ್ಯ ಬಗೆಯ ಮನುಷ್ಯರನ್ನು ಮೂರೋ ನಾಲ್ಕೋ ಡಬ್ಬಿಗಳಲ್ಲಿ ತುಂಬುವ ತಪ್ಪು ಎರಡರಲ್ಲೂ ಇದೆಯೆಂದರು. ಕಾಗದದ ಮೇಲಿನ ರಾಜ್ಯಗಳನ್ನು ಹಾಗೆ ತರ್ಕದಿಂದಲೇ ಅಳೆಯಬಹುದು. ನೆಲದ ಮೇಲೆ ನಿಜವಾಗಿ ಕಟ್ಟಿದ ಸಮಾಜಗಳನ್ನು ಅಳೆಯಲು ತರ್ಕ ಸಾಲದು, ಪುರಾವೆ ಬೇಕು. ದಾನಶಾಸನದಿಂದ ಹುಟ್ಟಿದ ಅಗ್ರಹಾರ, ಆಚಾರ್ಯರು ವ್ಯವಸ್ಥೆಗೊಳಿಸಿದ ದೇವಾಲಯ, ಚಳವಳಿಯೊಂದು ಕಂಡ ಕಲ್ಯಾಣ, ಕಾದಂಬರಿಕಾರರು ಕಟ್ಟಿದ ಊರು, ಇವೆಲ್ಲ ಯಾರೋ ಯೋಚಿಸಿ ರೂಪಿಸಿದ ಸಮಾಜಗಳೇ. ಇವನ್ನು ಮೂರು ಅಳತೆಗೋಲುಗಳಿಂದ ನೋಡಬೇಕೆಂಬುದು ಈ ಲೇಖನದ ವಾದ. ಬಾಗಿಲು ಯಾರಿಗೆ ತೆರೆದಿದೆ? ಬೀಗದ ಕೈ ಯಾರ ಸೊಂಟದಲ್ಲಿದೆ? ಲೆಕ್ಕ ಬರೆಯುವವರು ಯಾರು, ಅದನ್ನು ಕೇಳುವ ಹಕ್ಕು ಯಾರದು? ಭಕ್ತಿಯ ಹೆಸರಿನಲ್ಲಿ ನಡೆದ ಸುಧಾರಣೆಗಳು ಬಾಗಿಲನ್ನು ಎಷ್ಟೋ ಸಲ ತೆರೆದಿವೆ. ಬೀಗದ ಕೈಯನ್ನು ಅಪರೂಪಕ್ಕೆ ಕೊಟ್ಟಿವೆ. ಲೆಕ್ಕದ ಪುಸ್ತಕವನ್ನಂತೂ ಬಹುತೇಕ ಬಿಟ್ಟುಕೊಟ್ಟೇ ಇಲ್ಲ. ವರ್ಗಭೇದ ಉಳಿದದ್ದು, ಮತ್ತೆ ಮತ್ತೆ ಚಿಗುರಿದ್ದು ಅಲ್ಲಿಂದಲೇ.

ಮೊದಲಿಗೆ ಕಲ್ಲಿನ ಮೇಲಿನ ಸಾಕ್ಷಿ. ಕಾಂಚೀಪುರದಿಂದ ಸುಮಾರು 30 ಕಿಲೋಮೀಟರ್ ದೂರದ ಉತ್ತರಮೇರೂರು ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಚತುರ್ವೇದಿಮಂಗಲ. ಚೋಳ ದೊರೆ ಒಂದನೆಯ ಪರಾಂತಕನ ಕಾಲದಲ್ಲಿ, 919 ಮತ್ತು 921ರಲ್ಲಿ, ಅಲ್ಲಿನ ಸಭೆ ತನ್ನ ಸಮಿತಿಗಳನ್ನು ಆರಿಸುವ ಕ್ರಮವನ್ನು ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲೆ ಕೆತ್ತಿಸಿತು. ಊರಿಗೆ ಮೂವತ್ತು ಕುಡುಂಬುಗಳು, ಅಂದರೆ ವಾರ್ಡುಗಳು. ವರ್ಷದ ಆಡಳಿತ ನೋಡುವ ಸಮಿತಿಗೆ ಹನ್ನೆರಡು ಮಂದಿ, ತೋಟದ ಸಮಿತಿಗೆ ಹನ್ನೆರಡು, ಕೆರೆಯ ಸಮಿತಿಗೆ ಆರು. ಅವಧಿ 360 ದಿನ. ಕಳೆದ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರು ಮತ್ತೆ ನಿಲ್ಲುವಂತಿಲ್ಲ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವರನ್ನು ಮಾತ್ರವಲ್ಲ, ಅವರ ಹತ್ತಿರದ ನೆಂಟರನ್ನೂ ಸಂಬಂಧ ಹೇಳಿ ಹೆಸರಿಸಿ ಶಾಸನ ಹೊರಗಿಡುತ್ತದೆ. ಸಾವಿರ ವರ್ಷದ ಹಿಂದೆ ಒಂದು ಹಳ್ಳಿಯ ಸಭೆ ಲೆಕ್ಕದ ವಿಷಯದಲ್ಲಿ ಇಷ್ಟು ಬಿಗಿಯಾಗಿತ್ತೆಂಬುದು ಹೆಮ್ಮೆಯ ಸಂಗತಿಯೇ.

ಆಯ್ಕೆ ನಡೆಯುವ ರೀತಿಯನ್ನು ಶಾಸನ ಎಷ್ಟು ಹತ್ತಿರದಿಂದ ಹೇಳುತ್ತದೆಂದರೆ ಆ ದಿನವೇ ಕಣ್ಣಿಗೆ ಕಟ್ಟುತ್ತದೆ. ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು, ಕುಡುಂಬುವಾರು ಕಟ್ಟುಕಟ್ಟಿ, ಒಂದು ಕೊಡದಲ್ಲಿ ಹಾಕುತ್ತಾರೆ. ಚಿಕ್ಕವರು ದೊಡ್ಡವರೆನ್ನದೆ ಸಭೆಯವರೆಲ್ಲ ನೆರೆದಿರಬೇಕು, ದೇವಸ್ಥಾನದ ನಂಬಿಗಳೆಲ್ಲ, ಅಂದರೆ ಅರ್ಚಕರೆಲ್ಲ, ಮಂಟಪದೊಳಗೆ ಕೂತಿರಬೇಕು. ಅವರಲ್ಲಿ ಹಿರಿಯರೊಬ್ಬರು ಎದ್ದು, ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯುತ್ತಾರೆ. ಒಳಗೇನಿದೆಯೆಂದು ಅರಿಯದ ಹುಡುಗನೊಬ್ಬ ಒಂದು ಕಟ್ಟನ್ನು ತೆಗೆಯುತ್ತಾನೆ. ಆ ಕಟ್ಟಿನ ಓಲೆಗಳನ್ನು ಬೇರೊಂದು ಕೊಡಕ್ಕೆ ಸುರಿದು ಕಲಸಿದ ಮೇಲೆ ಹುಡುಗ ಒಂದೇ ಒಂದು ಓಲೆಯನ್ನು ಎತ್ತಿ ಮಧ್ಯಸ್ಥನಿಗೆ ಕೊಡುತ್ತಾನೆ. ಮಧ್ಯಸ್ಥ ಅದನ್ನು ಐದೂ ಬೆರಳು ಬಿಡಿಸಿ ತೆರೆದ ಅಂಗೈಯಲ್ಲೇ ತೆಗೆದುಕೊಳ್ಳಬೇಕು. ಅವನು ಓದಿದ ಹೆಸರನ್ನು ಮಂಟಪದಲ್ಲಿರುವ ನಂಬಿಗಳೂ ಓದಿ ಹೇಳಬೇಕು. ಮುಚ್ಚಿದ ಮುಷ್ಟಿಯಲ್ಲಿ ಮೋಸಕ್ಕೆ ಎಡೆಯಿದೆ ಎಂದು ತಿಳಿದವರು ಮಾಡಿದ ನಿಯಮ ಇದು.

ಈ ತೆರೆದ ಅಂಗೈಯ ಸುತ್ತ ನಿಲ್ಲುವ ಯೋಗ್ಯತೆ ಯಾರಿಗಿತ್ತು ಎಂಬುದು ಮುಂದಿನ ಪ್ರಶ್ನೆ. ತೆರಿಗೆ ಕಟ್ಟುವ ಕಾಲು ವೇಲಿಗಿಂತ ಹೆಚ್ಚು ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಮನೆ ಇರಬೇಕು, ವಯಸ್ಸು 35 ದಾಟಿ 70ರೊಳಗಿರಬೇಕು, ಮಂತ್ರ ಬ್ರಾಹ್ಮಣಗಳನ್ನು ಬಲ್ಲವನಾಗಿರಬೇಕು. ಇದಕ್ಕೆ ಒಂದು ವಿನಾಯಿತಿಯಿದೆ, ಇಡೀ ಶಾಸನದ ಗುಟ್ಟು ಇರುವುದು ಅದರಲ್ಲೇ. ಒಂದು ವೇದವನ್ನೂ ಒಂದು ಭಾಷ್ಯವನ್ನೂ ವಿವರಿಸಬಲ್ಲವನಿಗೆ ಅರೆಕಾಲು ವೇಲಿ, ಅಂದರೆ ಎಂಟನೆಯ ಒಂದು ಪಾಲು ಭೂಮಿಯಿದ್ದರೂ ಸಾಕು. ವೇದದ ಓದು ಬೇಕಾದ ಭೂಮಿಯನ್ನು ಅರ್ಧಕ್ಕೆ ಇಳಿಸಿತು. ವಿದ್ಯೆಗೂ ನೆಲಕ್ಕೂ ನಡುವಣ ವಿನಿಮಯ ದರವನ್ನು ಇಷ್ಟು ನಿಖರವಾಗಿ ಕಲ್ಲಿನಲ್ಲಿ ಬರೆದ ಉದಾಹರಣೆ ಅಪರೂಪ. ಧರ್ಮ ಬೇರೆ, ಆಸ್ತಿ ಬೇರೆ ಎಂದು ನಾವು ಮಾತಿನಲ್ಲಿ ವಿಂಗಡಿಸುತ್ತೇವೆ. ಉತ್ತರಮೇರೂರಿನ ಸಭೆಗೆ ಅವೆರಡೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಾಗಿದ್ದವು. ಹಾಗಾದರೆ ಓದಲು ಅವಕಾಶವೂ ಇಲ್ಲದ, ಭೂಮಿಯೂ ಇಲ್ಲದ ಜನ ಎಲ್ಲಿದ್ದರು? ಚೋಳರ ಶಾಸನಗಳೇ ಉತ್ತರ ಕೊಡುತ್ತವೆ. ರಾಜರಾಜನ ತಂಜಾವೂರು ಶಾಸನಗಳು ಹಳ್ಳಿಗಳ ತೆರಿಗೆಯಿಲ್ಲದ ನೆಲವನ್ನು ಪಟ್ಟಿಮಾಡುವಾಗ ಕೆರೆ, ಕಾಲುವೆ, ಸುಡುಗಾಡುಗಳ ಜೊತೆಯಲ್ಲಿ ಪರೈಚ್ಚೇರಿಯನ್ನೂ ಹೆಸರಿಸುತ್ತವೆ. ಗದ್ದೆಯಲ್ಲಿ ದುಡಿದವರ ಕೇರಿ ಲೆಕ್ಕಕ್ಕೆ ಬಂದದ್ದು ಹೀಗೆ. ಅದರ ಜನಕ್ಕೆ ಲೆಕ್ಕ ಕೇಳುವ ಹಕ್ಕು ಮಾತ್ರ ಇರಲಿಲ್ಲ.

ಕುಂದ್ರತ್ತೂರಿನ ಸೇಕ್ಕಿಳಾರ್ ಬರೆದದ್ದು ಇದಾದ ಇನ್ನೂರು ವರ್ಷದ ಮೇಲೆ, 12ನೆಯ ಶತಮಾನದಲ್ಲಿ, ಚೋಳ ಆಸ್ಥಾನದಲ್ಲಿ ಮಂತ್ರಿಯಾಗಿದ್ದಾಗ. ಅವನ ಕಾವ್ಯದ ಬಾಗಿಲು ದೊಡ್ಡದು. ಕುಂಬಾರ, ಬೇಟೆಗಾರ, ಅಗಸ, ಬೆಸ್ತ, ಎಲ್ಲರೂ ಅರವತ್ತಮೂವರಲ್ಲಿ ಇದ್ದಾರೆ. ಕನ್ನಡದ ಹರಿಹರ ತನ್ನ ರಗಳೆಗಳಲ್ಲಿ ತಮಿಳುನಾಡಿನ ಪುರಾತನರನ್ನು ಹಾಡಿದಾಗ ಇದೇ ಔದಾರ್ಯದ ಹೊಳೆ ನಮ್ಮ ಕಡೆಗೂ ಹರಿಯಿತು. ಆದರೆ ಪುಲೆಯರ ಕೇರಿಯ ತಿರುನಾಳೈಪ್ಪೋವಾರ್, ಅಂದರೆ ನಂದನಾರನ ಕಥೆಯನ್ನು ನಿಧಾನವಾಗಿ ಓದಬೇಕು. ಅವನು ದೇವಸ್ಥಾನಗಳ ಭೇರಿಗೆ ತೊಗಲು, ವೀಣೆಗೆ ನರದ ತಂತಿ, ಪೂಜೆಗೆ ಗೋರೋಚನ ಒದಗಿಸುವವನು. ಅವನು ಹದ ಮಾಡಿ ಕೊಟ್ಟ ತೊಗಲು ಗರ್ಭಗುಡಿಯ ಹತ್ತಿರ ಮೊಳಗುತ್ತದೆ, ಅವನು ಮಾತ್ರ ಹೊರಗೆ ನಿಲ್ಲುತ್ತಾನೆ. ತಿರುಪ್ಪುಂಗೂರಿನಲ್ಲಿ ನಂದಿ ಪಕ್ಕಕ್ಕೆ ಸರಿದು ಅವನಿಗೆ ಶಿವನ ದರ್ಶನವಾಗುತ್ತದೆ, ಆದರೂ ನಿಂತ ಜಾಗ ಹೊಸ್ತಿಲಾಚೆಯದೇ. ಕೊನೆಗೆ ಚಿದಂಬರದಲ್ಲಿ ಒಳಗೆ ಹೋಗಬೇಕಾದರೆ ಬೆಂಕಿಯನ್ನು ಹಾಯಬೇಕಾಯಿತು. ಬೆಂಕಿಯಿಂದ ಎದ್ದು ಬಂದವನ ಎದೆಯ ಮೇಲೆ ಜನಿವಾರವಿತ್ತು. ಕಾವ್ಯ ಅವನನ್ನು ಪೂಜ್ಯನನ್ನಾಗಿ ಮಾಡಿತು, ನಿಜ. ಪುಲೆಯನಾಗಿಯೇ ಒಳಗೆ ನಡೆದು ಹೋಗುವ ಹಾದಿಯನ್ನು ಮಾತ್ರ ಅದು ಊಹಿಸಲಿಲ್ಲ. ಉಡುಪಿಯ ಕನಕನ ಕಿಂಡಿಯ ಕಥೆಯಲ್ಲೂ ದೇವರು ತಿರುಗಿ ನಿಲ್ಲುತ್ತಾನೆ, ಗೋಡೆ ಬಿರುಕು ಬಿಡುತ್ತದೆ, ಬಾಗಿಲು ಮಾತ್ರ ಹಾಗೆಯೇ ಇರುತ್ತದೆ. ಪವಾಡ ಒಬ್ಬ ಭಕ್ತನನ್ನು ಮುಟ್ಟಿಸುತ್ತದೆ. ಅವನ ಹಿಂದೆ ಬರುವ ಕೇರಿಗೆ ಅದರಿಂದ ದಾರಿಯಾಗುವುದಿಲ್ಲ.

ರಾಮಾನುಜರ ಪ್ರಯತ್ನ ಇದಕ್ಕಿಂತ ದೂರ ಹೋಯಿತು. ಪೂಂದಮಲ್ಲಿಯ ತಿರುಕ್ಕಚ್ಚಿ ನಂಬಿಗಳು ವೈಶ್ಯರು, ಕಾಂಚಿಯ ವರದರಾಜನಿಗೆ ಬೀಸಣಿಗೆ ಬೀಸುವ ಕೈಂಕರ್ಯದವರು. ಅವರು ಉಂಡ ಎಲೆಯ ಶೇಷವನ್ನು ಪ್ರಸಾದವೆಂದು ಉಣ್ಣಬೇಕೆಂಬ ಆಸೆಯಿಂದ ರಾಮಾನುಜರು ಅವರನ್ನು ಊಟಕ್ಕೆ ಕರೆದರು. ರಾಮಾನುಜರು ಮನೆಯಲ್ಲಿಲ್ಲದ ಹೊತ್ತಿಗೆ ನಂಬಿಗಳು ಬಂದು ಉಂಡು ಹೋದರು. ಗೃಹಿಣಿ ಎಲೆ ಎಸೆದು, ನೆಲ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಗಂಡನಿಗೆ ಬೇರೆ ಅಡುಗೆ ಮಾಡಿದಳೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಸಿದ್ಧಾಂತ ಒಪ್ಪಿದ ಮನೆಯೊಳಗೇ ಆಚಾರ ಹೇಗೆ ಗಟ್ಟಿಯಾಗಿ ಕೂತಿತ್ತೆಂಬುದಕ್ಕೆ ಆ ಸಾರಿಸಿದ ನೆಲವೇ ಗುರುತು. ಮುಂದೆ ರಾಮಾನುಜರು ಶ್ರೀರಂಗದ ಆಡಳಿತವನ್ನು ಕೈಗೆತ್ತಿಕೊಂಡಾಗ ದೇವಾಲಯದ ಸೇವಕರನ್ನು ಹತ್ತು ಪಂಗಡಗಳಾಗಿ ಹೊಸದಾಗಿ ವ್ಯವಸ್ಥೆಗೊಳಿಸಿದರೆಂದು ಅಲ್ಲಿನ ದೇವಾಲಯದ ಚರಿತ್ರೆ ‘ಕೋಯಿಲ್ ಒಳುಗು’ ದಾಖಲಿಸುತ್ತದೆ. ಬ್ರಾಹ್ಮಣೇತರರಿಗೂ ಅದರಲ್ಲಿ ಗೊತ್ತಾದ ಕೆಲಸ, ಗೊತ್ತಾದ ಮರ್ಯಾದೆ ಸಿಕ್ಕಿತು. ಇದು ಭಾವನೆಯ ಮಾತಲ್ಲ, ಆಡಳಿತದ ಸುಧಾರಣೆ. ಆದರೆ ಯಾರು ಯಾವ ಕೆಲಸಕ್ಕೆ ಎಂಬುದನ್ನು ಹುಟ್ಟಿನಿಂದಲೇ ಗೊತ್ತುಮಾಡುವ ಕ್ರಮ ಉಳಿದುಕೊಂಡದ್ದರಿಂದ, ಒಳಗೆ ಬಂದವರಿಗೂ ಅವರವರ ಮೆಟ್ಟಿಲು ಖಾಯಂ ಆಯಿತು.

ಮೇಲುಕೋಟೆಯಲ್ಲಿ ಇದರ ಕನ್ನಡ ಅಧ್ಯಾಯವಿದೆ. ಹೊಯ್ಸಳ ನಾಡಿಗೆ ಬಂದ ರಾಮಾನುಜರು ಉತ್ಸವಮೂರ್ತಿಯನ್ನು ಮರಳಿ ತರುವಲ್ಲಿ ನೆರವಾದ ಅಸ್ಪೃಶ್ಯರನ್ನು ‘ತಿರುಕುಲದವರು’ ಎಂದು ಕರೆದು ದೇವಾಲಯ ಪ್ರವೇಶ ಕೊಟ್ಟರೆಂಬುದು ಸ್ಥಳದ ಪರಂಪರೆ. ಹೆಸರೇ ಎಷ್ಟು ದೊಡ್ಡದು: ಶ್ರೀಕುಲದವರು! ಆದರೆ 19ನೆಯ ಶತಮಾನದಲ್ಲಿ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸುವ ಹೊತ್ತಿಗೆ ಆ ಪ್ರವೇಶ ವರ್ಷದಲ್ಲಿ ಗೊತ್ತಾದ ಕೆಲವೇ ದಿನಗಳದ್ದಾಗಿತ್ತು. ಎಂಟು ನೂರು ವರ್ಷ ಬಾಗಿಲು ಪೂರ್ತಿ ಮುಚ್ಚಲಿಲ್ಲ, ಪೂರ್ತಿ ತೆರೆಯಲೂ ಇಲ್ಲ. ಯಾಕೆ? ಕೊಟ್ಟದ್ದು ಹಕ್ಕಲ್ಲ, ಅನುಗ್ರಹ. ಅನುಗ್ರಹ ಕೊಟ್ಟವರು ಹೋದಮೇಲೆ ಅದನ್ನು ಅಳೆದು ಕೊಡುವವರು ಪಾರುಪತ್ತೆಗಾರರು, ಸ್ಥಾನಿಕರು. ಬೀಗದ ಕೈ ಇರುವವನೇ ದಿನ ಎಣಿಸುತ್ತಾನೆ. ಭಕ್ತನ ಜಾತಿ ಕೇಳುವುದೇ ಅಪಚಾರವೆಂದು ಶ್ರೀವೈಷ್ಣವ ಆಚಾರ್ಯರಲ್ಲಿ ಕೆಲವರು ಬರೆದಿದ್ದಾರೆ. ಅಂಥ ಮಾತು ಗ್ರಂಥದಲ್ಲಿದ್ದೂ ದೇವಸ್ಥಾನದ ನಿತ್ಯದ ಕಟ್ಟಳೆಯಲ್ಲಿ ಇಳಿಯದೆ ಹೋದದ್ದಕ್ಕೆ ಕಾರಣ ಸಿದ್ಧಾಂತದ ಬಡತನವಲ್ಲ. ಅದನ್ನು ಜಾರಿಗೆ ತರಿಸುವ ಅಧಿಕಾರ ಯಾರಿಗೆ ಅದು ಬೇಕಿತ್ತೋ ಅವರ ಕೈಯಲ್ಲಿರಲಿಲ್ಲ.

ಶರಣರ ಕಲ್ಯಾಣ ಈ ಮಿತಿಯನ್ನು ಬೇರುಮಟ್ಟದಲ್ಲಿ ಮೀರಲು ನೋಡಿತು. ಬಸವಣ್ಣ ದೊರೆ ಬಿಜ್ಜಳನ ಭಂಡಾರಿ. ಶರಣರ ನಾಯಕನಾದವನು ರಾಜ್ಯದ ಲೆಕ್ಕ ನೋಡುವ ಅಧಿಕಾರಿಯೂ ಆಗಿದ್ದ ಎಂಬುದು ಆಕಸ್ಮಿಕವಿರಬಹುದು, ಆದರೆ ಅರ್ಥಪೂರ್ಣ. ದೇಹವೇ ದೇಗುಲವೆಂದಾಗ ಬಾಗಿಲಿನ ಪ್ರಶ್ನೆ ಬಿದ್ದುಹೋಯಿತು. ಇಷ್ಟಲಿಂಗ ಅಂಗೈಗೆ ಬಂದಾಗ ಬೀಗದ ಕೈಯ ಪ್ರಶ್ನೆಯೂ ಬಿದ್ದುಹೋಯಿತು. ಇನ್ನುಳಿದದ್ದು ಲೆಕ್ಕ. ಅದನ್ನು ಎತ್ತಿದವಳು ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದರ ಆಸೆ ಅರಸರಿಗಿರಲಿ, ಶರಣರಿಗೆ ಸಲ್ಲದು ಎಂದು, ಅಲ್ಲೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳಿಸಿದಳು. ಒಂದು ಮಡಿಲಕ್ಕಿಯ ಅಳತೆಯಲ್ಲಿ ಇಡೀ ಸಮಾಜದ ಅರ್ಥಶಾಸ್ತ್ರವನ್ನು ನಿಲ್ಲಿಸಿದ ಮಾತು ಅದು. ಬಡವಳೊಬ್ಬಳು ದಾಸೋಹದ ಲೆಕ್ಕ ಕೇಳಿದಳು, ಕೇಳಿದ್ದಕ್ಕೆ ಮನ್ನಣೆ ಸಿಕ್ಕಿತು. ಉತ್ತರಮೇರೂರಿನ ಕಲ್ಲಿನ ಮೇಲೆ ಇಂಥ ಹೆಂಗಸಿಗೆ ಸ್ಥಳವಿರಲಿಲ್ಲ.

ಆದರೆ ಕಲ್ಯಾಣ ಬಿದ್ದದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಒಟ್ಟಿಗೆ ಕೂತು ಉಂಡಾಗ ಗೊಣಗಾಟವಿತ್ತು, ಒಟ್ಟಿಗೆ ಕೂತು ಮಾತಾಡಿದಾಗ ದೂರುಗಳಿದ್ದವು. ರಕ್ತ ಹರಿದದ್ದು ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಮದುವೆ ಸಂಬಂಧ ಬೆಳೆದಾಗ. ಊಟ ಒಂದು ಹೊತ್ತಿನದು. ಮದುವೆ ಹಾಗಲ್ಲ. ಯಾರ ಮಗು ಯಾರ ಆಸ್ತಿಗೆ, ಯಾರ ಹೆಸರಿಗೆ ಬಾಧ್ಯ ಎಂಬ ಲೆಕ್ಕವನ್ನೇ ಅದು ತಿದ್ದುತ್ತದೆ. ಹರಳಯ್ಯ, ಮಧುವರಸರಿಗೆ ಮರಣದಂಡನೆಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಮುಂದಿನ ಶತಮಾನಗಳಲ್ಲಿ ಮಠಗಳು ಬೆಳೆದವು. ಅವು ವಚನಗಳನ್ನು ಉಳಿಸಿದವು, ಶಾಲೆ ಹಾಸ್ಟೆಲುಗಳನ್ನು ಕಟ್ಟಿ ಲಕ್ಷಾಂತರ ಬಡ ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟವು. ಆದರೆ ಜಂಗಮ, ಬಣಜಿಗ, ಪಂಚಮಸಾಲಿ, ಗಾಣಿಗ, ಹಡಪದ, ಮಡಿವಾಳ ಎಂಬ ಕಾಯಕದ ಹೆಸರುಗಳು ಹುಟ್ಟಿನ ಹೆಸರುಗಳಾಗಿ ಮರಳಿ ಬಂದದ್ದೂ ಅಷ್ಟೇ ನಿಜ. ಲಿಂಗವನ್ನು ಅಂಗೈಯಲ್ಲಿ ಕೊಟ್ಟರೂ ಭೂಮಿ, ಮದುವೆ, ಮಠದ ಪೀಠ ಇವುಗಳ ಬಾಧ್ಯತೆ ಹಳೆಯ ಪುಸ್ತಕದಲ್ಲೇ ಬರೆಯಲ್ಪಡುತ್ತಿತ್ತು.

ಇದು ಹಿಂದೂ ಸಮಾಜಕ್ಕೆ ಮಾತ್ರ ಅಂಟಿದ ರೋಗವೆಂದು ತಿಳಿಯಬಾರದು. ದಕ್ಷಿಣ ಅಮೆರಿಕದ ಪರಾಗ್ವೇ ಸೀಮೆಯಲ್ಲಿ 1609ರಿಂದ ಜೆಸ್ವಿಟ್ ಪಾದ್ರಿಗಳು ಗ್ವಾರಾನಿ ಜನರಿಗಾಗಿ ಹೊಸ ಊರುಗಳನ್ನೇ ಕಟ್ಟಿದರು. ಗುಲಾಮರ ಬೇಟೆಗಾರರಿಂದ ಆ ಜನರನ್ನು ಕಾಪಾಡಿದರು, ಸಂಗೀತ ಕಲಿಸಿದರು, ಅವರ ಭಾಷೆಗೆ ಪುಸ್ತಕ ಕೊಟ್ಟರು. ನೆಲದಲ್ಲಿ ಮನುಷ್ಯನ ಪಾಲು, ದೇವರ ಪಾಲು ಎಂದು ಎರಡು ಭಾಗ. ದೇವರ ಪಾಲಿನ ಬೆಳೆ ವಿಧವೆಯರಿಗೆ, ಅನಾಥರಿಗೆ, ಇಗರ್ಜಿಗೆ. ಆದರೆ ಊರಿನ ಉಗ್ರಾಣದ ಮೇಲ್ವಿಚಾರಣೆ, ಹೊರಗಿನ ವ್ಯಾಪಾರ ಎರಡೂ ಪಾದ್ರಿಗಳದ್ದೇ. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಹೊರಹಾಕಿದಾಗ ಒಂದೂವರೆ ಶತಮಾನದ ಆ ಊರುಗಳು ಕೆಲವೇ ದಶಕಗಳಲ್ಲಿ ಪಾಳುಬಿದ್ದವು. ಹೊರಗಿನ ಲೂಟಿ ಅದಕ್ಕೆ ದೊಡ್ಡ ಕಾರಣ. ಊರನ್ನು ತಾವೇ ನಡೆಸುವ ಅಧಿಕಾರವನ್ನು ಗ್ವಾರಾನಿಗಳಿಗೆ ಎಂದೂ ಪೂರ್ತಿಯಾಗಿ ವಹಿಸಿರಲಿಲ್ಲವೆಂಬುದು ಇನ್ನೊಂದು ಕಾರಣ.

ಕನ್ನಡ ಕಾದಂಬರಿ ಈ ಸತ್ಯವನ್ನು ಶಾಸ್ತ್ರಕ್ಕಿಂತ ಚೆನ್ನಾಗಿ ಹಿಡಿದಿದೆ. ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ 1973ರ ಕೃತಿ. ಊರು ಕಲ್ಪಿತ, ಆದರೆ ಅದರ ನಾಡಿ ಮಲೆನಾಡಿನದು. ಅಲ್ಲಿ ಮಂಜುನಾಥಸ್ವಾಮಿಯ ಹೆಸರಿನಲ್ಲಿ ಎಲ್ಲವೂ ನಡೆಯುತ್ತದೆ, ಯಾತ್ರಿಕರನ್ನು ನಂಬಿ ಊರಿನ ವ್ಯಾಪಾರವೇ ನಿಂತಿದೆ. ಇಂಗ್ಲೆಂಡಿನಿಂದ ಬಂದ ಜಮೀನ್ದಾರ ಜಗನ್ನಾಥ ಹೊಲೆಯರನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಹೊರಡುತ್ತಾನೆ. ಅದಕ್ಕೆ ಮೊದಲು ಮನೆಯ ಸಾಲಿಗ್ರಾಮವನ್ನು ಹೊರತಂದು ಮುಟ್ಟಿ ಎಂದು ಅವರ ಮುಂದೆ ಹಿಡಿಯುತ್ತಾನೆ. ಅವರು ಹೆದರಿ ಹಿಂದೆಗೆಯುತ್ತಾರೆ, ಒತ್ತಾಯಿಸುತ್ತ ಅವನೇ ಕ್ರೂರಿಯಾಗುತ್ತಾನೆ. ಈ ದೃಶ್ಯದ ಬಲವಿರುವುದು ಕೈಗಳಲ್ಲಿ. ಸಾಲಿಗ್ರಾಮ ಅವನ ಕೈಯಲ್ಲಿದೆ, ಹೊಲಗದ್ದೆಯೂ ಅವನ ಹೆಸರಿನಲ್ಲಿದೆ, ಮುಟ್ಟಬೇಕೆಂಬ ಹಟವೂ ಅವನದೇ. ಬಿಡುಗಡೆಯನ್ನು ಒಡೆಯನೇ ಕೊಡಹೊರಟಾಗ ಅದು ಇನ್ನೊಂದು ಅಪ್ಪಣೆಯಾಗುತ್ತದೆ. ಮೇಲುಕೋಟೆಯ ಅನುಗ್ರಹಕ್ಕೂ ಭಾರತೀಪುರದ ಕ್ರಾಂತಿಗೂ ಉದ್ದೇಶದಲ್ಲಿ ಎಷ್ಟು ವ್ಯತ್ಯಾಸವಿದ್ದರೂ, ಕೊಡುವ ಕೈ ತೆಗೆದುಕೊಳ್ಳುವ ಕೈ ಎಂಬ ಏರ್ಪಾಡು ಎರಡರಲ್ಲೂ ಒಂದೇ.

ಸ್ವಾತಂತ್ರ್ಯಾನಂತರದ ಕಾನೂನು ಈ ಮೂರು ಅಳತೆಗೋಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಿತು. ಅದರ ದೊಡ್ಡ ಮೊಕದ್ದಮೆಗಳಲ್ಲಿ ಎರಡು ನಮ್ಮ ಕರಾವಳಿಯವೇ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೂಜೆ ಆಚಾರಗಳ ವಿಷಯ ಪಂಗಡದ್ದು, ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು ಎಂದು ಗೆರೆ ಎಳೆಯಿತು. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ, ಗೌಡ ಸಾರಸ್ವತರ ದೇವಸ್ಥಾನವಾದರೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯಲೇಬೇಕು, ಕೆಲವು ವಿಶೇಷ ಸೇವೆಗಳು ಮಾತ್ರ ಆ ಸಮುದಾಯಕ್ಕೆ ಮೀಸಲಿರಬಹುದು ಎಂದಿತು. ತಮಿಳುನಾಡು ಅರ್ಚಕ ಹುದ್ದೆಯ ವಂಶಪಾರಂಪರ್ಯವನ್ನು ರದ್ದುಮಾಡಿದಾಗ, 1972ರ ಶೇಷಮ್ಮಾಳ್ ಪ್ರಕರಣದಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿದರೂ ಆಗಮದ ನಿಯಮಗಳಿಗೆ ಜಾಗ ಉಳಿಸಿತು. ತರಬೇತಿ ಪಡೆದ ಬೇರೆಬೇರೆ ಜಾತಿಯ 24 ಮಂದಿಗೆ ಆ ರಾಜ್ಯದ ದೇವಸ್ಥಾನಗಳಲ್ಲಿ ಅರ್ಚಕರಾಗಿ ನೇಮಕದ ಆದೇಶ ಸಿಕ್ಕಿದ್ದು 2021ರ ಆಗಸ್ಟಿನಲ್ಲಿ. ಬಾಗಿಲಿನಿಂದ ಬೀಗದ ಕೈವರೆಗೆ ಬರಲು ಕಾನೂನಿಗೂ ಅರ್ಧ ಶತಮಾನ ಹಿಡಿಯಿತು.

ಲೆಕ್ಕದ ಪುಸ್ತಕ ನಿಜವಾಗಿ ಕೈ ಬದಲಿಸಿದ ಎರಡು ಸಂದರ್ಭಗಳು ಕರ್ನಾಟಕದಲ್ಲಿವೆ. ಒಂದು, 1974ರ ಭೂಸುಧಾರಣೆ. ದೇವರಾಜ ಅರಸರ ಕಾಲದ ಈ ಕಾಯಿದೆ ಉಳುವವನಿಗೆ ಭೂಮಿ ಕೊಟ್ಟಾಗ, ಕರಾವಳಿಯಲ್ಲಿ ಮಠಗಳಿಗೂ ದೊಡ್ಡ ಮನೆತನಗಳಿಗೂ ಗೇಣಿ ಅಳೆಯುತ್ತಿದ್ದ ಒಕ್ಕಲುಗಳು ಭೂಮಾಲೀಕರಾದರು. ಗೇಣಿಯ ಅಕ್ಕಿ ಮುಡಿ ಹೊತ್ತು ಹಿಂಬಾಗಿಲಲ್ಲಿ ನಿಲ್ಲುತ್ತಿದ್ದ ಮನೆಯ ಮಕ್ಕಳು ಒಂದೇ ತಲೆಮಾರಿನಲ್ಲಿ ಶಾಲೆ, ಬ್ಯಾಂಕು, ಮುಂಬಯಿ, ಕೊಲ್ಲಿ ದೇಶಗಳತ್ತ ನಡೆದರು. ಶತಮಾನಗಳ ಉಪದೇಶ ಮಾಡಲಾಗದ್ದನ್ನು ಒಂದು ಡಿಕ್ಲರೇಷನ್ ಅರ್ಜಿ ಮಾಡಿತು. ಇನ್ನೊಂದು, ಮಂಗಳೂರಿನ ಕುದ್ರೋಳಿ. ದೇವಸ್ಥಾನಗಳ ಹೊರಗೆ ನಿಂತಿದ್ದ ಬಿಲ್ಲವರು ನಾರಾಯಣ ಗುರುಗಳ ಮಾರ್ಗದರ್ಶನದಲ್ಲಿ 1912ರಲ್ಲಿ ಗೋಕರ್ಣನಾಥ ಕ್ಷೇತ್ರವನ್ನು ತಾವೇ ಕಟ್ಟಿಕೊಂಡರು. ಬಾಗಿಲು ಅವರದು, ಬೀಗದ ಕೈ ಅವರದು, ಹುಂಡಿಯ ಲೆಕ್ಕವೂ ಅವರದೇ. ಅಲ್ಲಿ 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಾಗಲಿಲ್ಲ. ಹೊರಗಿಟ್ಟದ್ದರ ನೋವು ಗೊತ್ತಿದ್ದವರ ಕೈಗೆ ಬೀಗದ ಕೈ ಬಂದಾಗ, ಬಾಗಿಲು ಮತ್ತೊಬ್ಬರಿಗೂ ತೆರೆಯಿತು.

ಈ ವಾದಕ್ಕೆ ಮೂರು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, 12ನೆಯ ಶತಮಾನವನ್ನು 21ನೆಯ ಶತಮಾನದ ಗಜಕಡ್ಡಿಯಿಂದ ಅಳೆಯುವುದು ಅನ್ಯಾಯ ಎಂಬುದು. ಆದರೆ ಈ ಗಜಕಡ್ಡಿ ಹೊರಗಿನಿಂದ ತಂದದ್ದಲ್ಲ. ಲೆಕ್ಕ ಕೊಡದವನಿಗೆ ಅಧಿಕಾರವಿಲ್ಲವೆಂದು ಕೆತ್ತಿಸಿದ್ದು 10ನೆಯ ಶತಮಾನದ ಸಭೆ. ಬೇಕಾದ್ದಕ್ಕಿಂತ ಹೆಚ್ಚು ತಂದವನನ್ನು ಹಿಂದಕ್ಕೆ ಕಳಿಸಿದ್ದು 12ನೆಯ ಶತಮಾನದ ಲಕ್ಕಮ್ಮ. ಅವರದೇ ಅಳತೆಯನ್ನು ಅವರ ಕೇರಿಯಾಚೆಗೂ ಹಿಡಿಯುತ್ತಿದ್ದೇವೆ, ಅಷ್ಟೆ. ಎರಡನೆಯದು, ಇದೆಲ್ಲ ಆಸ್ತಿಯ ಜಗಳ, ಧರ್ಮ ಬರೀ ಮುಸುಕು, ಭೂಮಿ ಹಂಚಿದರೆ ಸಾಕು ಎಂಬುದು. ಉತ್ತರಮೇರೂರು ಇದನ್ನು ಒಪ್ಪುವುದಿಲ್ಲ. ಅಲ್ಲಿ ವೇದದ ಓದು ಭೂಮಿಯ ಬದಲಿಗೆ ನಡೆಯುವ ನಾಣ್ಯವಾಗಿತ್ತು. ಭಾರತೀಪುರದ ಹೊಲೆಯರನ್ನು ತಡೆದದ್ದು ಬೇಲಿಯಲ್ಲ, ಸ್ವಂತ ಎದೆಯೊಳಗಿನ ಭಯ. ಭೂಮಿ ಸಿಕ್ಕ ಮೇಲೂ ಹೊಟೇಲಿನಲ್ಲಿ ಬೇರೆ ಲೋಟ ಇಡುವ ಊರುಗಳು ಉಳಿದದ್ದು ಈ ಕಾರಣಕ್ಕೇ. ಎದೆಯ ಭಯವನ್ನು ಬಿಡಿಸಲು ನಂದನಾರನ ಹಾಡು, ಲಕ್ಕಮ್ಮನ ನಿಷ್ಠುರ, ನಾರಾಯಣ ಗುರುಗಳ ಪ್ರತಿಷ್ಠೆ ಬೇಕು. ಧರ್ಮದ ಭಾಷೆಯಿಲ್ಲದೆ ಆ ಕೆಲಸ ನಮ್ಮ ನಾಡಿನಲ್ಲಿ ಆಗಿಲ್ಲ. ಆದ್ದರಿಂದ ಭಕ್ತಿಯ ಸುಧಾರಕರನ್ನು ಸೋತವರೆಂದು ಬದಿಗಿಡುವುದು ಕೃತಘ್ನತೆ. ಕೇಳುವ ಧೈರ್ಯ ಕೊಟ್ಟವರು ಅವರು. ಕೊಡಿಸುವ ಯಂತ್ರವನ್ನು ಕಟ್ಟುವುದು ಉಳಿದವರ ಪಾಲಿನ ಕೆಲಸವಾಗಿತ್ತು.

ಮೂರನೆಯ ಆಕ್ಷೇಪ ಇಂದಿನದು. ಬೀಗದ ಕೈಯನ್ನು ಅರ್ಚಕರಿಂದ ಕಿತ್ತು ಸರ್ಕಾರಿ ಅಧಿಕಾರಿಗೆ ಕೊಟ್ಟರೆ ಭಕ್ತನಿಗೇನು ಲಾಭ? ಮುಜರಾಯಿ ಇಲಾಖೆಯಿರಲಿ, ತಮಿಳುನಾಡಿನ ದತ್ತಿ ಇಲಾಖೆಯಿರಲಿ, ದೇವರ ದುಡ್ಡಿನ ಬಗ್ಗೆ ದೂರುಗಳಿಗೆ ಕೊನೆಯಿಲ್ಲ. ಈ ಮಾತಿನಲ್ಲಿ ಹುರುಳಿದೆ. ಒಂದು ಮುಷ್ಟಿಯಿಂದ ಇನ್ನೊಂದು ಮುಷ್ಟಿಗೆ ಹೋದ ಬೀಗದ ಕೈ ಸಮಾನತೆಯಲ್ಲ. ಆದರೆ ಇದರ ಪರಿಹಾರ ಹಳೆಯ ಮನೆತನಗಳಿಗೆ ಅದನ್ನು ಹಿಂದಿರುಗಿಸುವುದಲ್ಲ. ಅಧಿಕಾರಿಯ ಮೇಲೆ ದೂರು ಕೊಡಬಹುದು, ಮಾಹಿತಿ ಹಕ್ಕಿನಲ್ಲಿ ಕಾಗದ ಕೇಳಬಹುದು, ಕೋರ್ಟಿಗೆ ಹೋಗಬಹುದು. ವಂಶಪಾರಂಪರ್ಯದ ಕೈಯನ್ನು ಹಾಗೆ ಕೇಳುವ ದಾರಿ ಕೇರಿಯವರಿಗೆ ಎಂದೂ ಇರಲಿಲ್ಲ. ಆಗಬೇಕಾದ್ದು ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿ ಕೇರಿಯವರೂ ಹೆಂಗಸರೂ ಹೆಸರಿಗೆ ಮಾತ್ರವಲ್ಲದೆ ನಿಜಕ್ಕೂ ಕೂರುವುದು, ಜಾತ್ರೆ ಮುಗಿದ ಮೇಲೆ ಹುಂಡಿಯ ಎಣಿಕೆ ಎಲ್ಲರ ಕಣ್ಣೆದುರು ನಡೆಯುವುದು, ಜಮಾಖರ್ಚನ್ನು ಊರಿನ ಭಾಷೆಯಲ್ಲಿ ಗೋಡೆಗೆ ಅಂಟಿಸುವುದು. ಮಠ, ಚರ್ಚು, ಮಸೀದಿ, ಬಸದಿಗಳ ಆಡಳಿತಕ್ಕೂ ಇದೇ ಮಾತು ಸಲ್ಲುತ್ತದೆ.

ಇದಕ್ಕೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಪೋರೂರಿನಿಂದ ಎರಡು ಮೂರು ಗಂಟೆಯ ದಾರಿಯಲ್ಲಿ, ಉತ್ತರಮೇರೂರಿನ ಗೋಡೆಯ ಮೇಲೆ ಅದು ಇನ್ನೂ ಓದುವಂತೆ ಇದೆ. ಎಲ್ಲರೂ ನೋಡುತ್ತಿರಲು ಕೊಡ ಎತ್ತಬೇಕು, ಏನೂ ಅರಿಯದ ಮಗು ಓಲೆ ತೆಗೆಯಬೇಕು, ಐದು ಬೆರಳೂ ಬಿಡಿಸಿದ ಅಂಗೈಯಲ್ಲಿ ಅದನ್ನು ತೆಗೆದುಕೊಳ್ಳಬೇಕು, ಹೆಸರನ್ನು ಗಟ್ಟಿಯಾಗಿ ಓದಬೇಕು. ಆ ಸಭೆಯ ನಿಯಮದಲ್ಲಿ ದೋಷವಿರಲಿಲ್ಲ, ಕೊಡದೊಳಗೆ ಹಾಕಿದ ಓಲೆಗಳು ಕಡಿಮೆಯಿದ್ದವು. ಭೇರಿಗೆ ತೊಗಲು ಕೊಟ್ಟವನ ಹೆಸರು, ಚೆಲ್ಲಿದ ಅಕ್ಕಿ ಆಯ್ದವಳ ಹೆಸರು, ಗದ್ದೆ ನೆಟ್ಟ ಕೇರಿಯ ಹೆಸರುಗಳು ಅದರಲ್ಲಿರಲಿಲ್ಲ. ಆ ಓಲೆಗಳನ್ನು ಬರೆದು ಕೊಡದಲ್ಲಿ ಹಾಕುವ ಕೆಲಸ ಈಗ ನಮ್ಮದು.